ಜ್ವರ ಬಿಟ್ಟ ಮೇಲೆ ಹೆದರುವ ಡಾಕ್ಟ್ರಮ್ಮ

ಹಾಂ, ಜ್ವರದ ವಾರ್ಡಿನ ಆ ಡಾಕ್ಟ್ರಮ್ಮನ ವಿಷಯಕ್ಕೇ ಬಂದೆ. ಮನೆಗೆ ಹೊರಟವರಿಗೆಲ್ಲ ‘ಇನ್ನೊಂದಿನ ಇರಿ’ ಅನ್ನುವುದೇ ಅವರ ಕೆಲಸ ಅಂತ ಎಲ್ಲರೂ ಆಡಿಕೊಳ್ಳುತ್ತಾರೆ. ನಮ್ಮ ಬೀದಿಯ ಟೈಲರ್ ಮಾವನೂ ಹಾಗೇ ಅಂದುಕೊಂಡಿದ್ದರು. ಡೆಂಗಿಯಿಂದ ಮಲಗಿದ್ದ ಅವರ ಹೆಂಡತಿ, ಅಂದರೆ ಅತ್ತೆಗೆ, ಜ್ವರ ಬಿಟ್ಟ ಬೆಳಿಗ್ಗೆ ಮಾವ ಬ್ಯಾಗು ತುಂಬಿಕೊಂಡು ನಿಂತಿದ್ದರು.

“ಮೈ ತಣ್ಣಗಾಯ್ತಲ್ಲ ಡಾಕ್ಟ್ರಮ್ಮ, ಇನ್ನೇನು ಅಳತೆ ತಗೋತೀರ?”

“ಅಡುಗೆ ಮಾಡ್ಕೊಂಡು ಸಾಕಾಗಿದೆ ಇವ್ರಿಗೆ, ಅದಕ್ಕೇ ಈ ಅವಸರ,” ಎಂದು ಅತ್ತೆ ಮಲಗಿದಲ್ಲಿಂದಲೇ ಚುಚ್ಚಿದರು.

ಡಾಕ್ಟ್ರಮ್ಮ ನಗುತ್ತಲೇ ಅತ್ತೆಯ ಬಲಗಡೆ ಪಕ್ಕೆಲುಬಿನ ಕೆಳಗೆ ಮೆಲ್ಲಗೆ ಒತ್ತಿದರು. ಅತ್ತೆ “ಅಮ್ಮಾ!” ಎಂದು ಮುದುಡಿಕೊಂಡರು. ಮನೆಗೆ ಬಿಡುವುದಿಲ್ಲವೆಂದು ಮುಚ್ಚಿಟ್ಟಿದ್ದ ವಾಂತಿಯ ವಿಷಯವೂ ಆಗ ಹೊರಬಿತ್ತು.

“ಜ್ವರ ಬಿಟ್ಮೇಲೇ ನಂಗೆ ಭಯ ಅಣ್ಣ. ಲಿವರ್‌ಗೆ ಜೋರಾಗಿ ಏಟು ಬೀಳೋದಿದ್ರೆ ಸುಳಿವು ಸಿಗೋದು ಈಗ್ಲೇ, ಬಿಪಿ ಬೀಳೋದೂ ಈಗ್ಲೇ. ರಕ್ತ ನೋಡೋಣ, ಬ್ಯಾಗ್ ಕೆಳಗಿಡಿ.”

ಮಾವ ಮುಖ ಸಿಂಡರಿಸಿಕೊಂಡೇ ಇಟ್ಟರು. ಮಧ್ಯಾಹ್ನದ ವರದಿಯಲ್ಲಿ ಲಿವರಿನ ಅಂಕಿಗಳು ಆಕಾಶಕ್ಕೇರಿದ್ದವು. ಸಂಜೆ ಅತ್ತೆಯ ಬಿಪಿ ಕುಸಿದಾಗ ಡ್ರಿಪ್ಪು ಸಿದ್ಧವಿತ್ತು, ಡಾಕ್ಟ್ರಮ್ಮ ಪಕ್ಕದಲ್ಲೇ ಇದ್ದರು. ಮನೆಗೆ ಹೋಗಿಬಿಟ್ಟಿದ್ದರೆ?

ಅತ್ತೆ ಈಗ ಗುಂಡುಕಲ್ಲಿನ ಹಾಗಿದ್ದಾರೆ, ಜಗಳಕ್ಕೂ ತಯಾರು.

“ಆ ತಾಯಿ ತಡೀದೇ ಇದ್ದಿದ್ರೆ ಇವಳ ಹತ್ರ ಬೈಸ್ಕೊಳ್ಳೋ ಭಾಗ್ಯನೂ ಇರ್ತಿರ್ಲಿಲ್ಲ ನಂಗೆ,” ಎಂದು ಮಾವ ಹೊಲಿಗೆ ನಿಲ್ಲಿಸಿ ಕೈಮುಗಿಯುತ್ತಾರೆ.

ನೀವೂ ಒಮ್ಮೆ ಹೋಗಿ ಡಾಕ್ಟ್ರಮ್ಮನನ್ನು ನೋಡಿ ಬನ್ನಿ. ವಾರ್ಡಿನ ಕೆಲಸ ಮುಗಿದ ಮೇಲೆ ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುತ್ತಿರುತ್ತಾರೆ. ಕಾಯಿಲೆ ಇಲ್ಲದವರನ್ನೂ ಚೆನ್ನಾಗಿ ಮಾತಾಡಿಸುತ್ತಾರೆ.