ಹನ್ನೊಂದು ನೇಕಾರ ಹೆಣ್ಣುಮಕ್ಕಳು ಮತ್ತು ನಾನು ಹೇಳಿದ ಸುಳ್ಳು

ಕೋವಿಡ್ ಮುಗಿದ ಎರಡನೆಯ ವರ್ಷದ ಚಳಿಗಾಲ. ಗಜೇಂದ್ರಗಡದ ಬಸ್ ನಿಲ್ದಾಣದ ಹತ್ತಿರ ನಾನು ಟ್ರಾವೆಲ್ಸ್ ಆಫೀಸು ತೆರೆದು ಆಗ ಹದಿನೆಂಟು ವರ್ಷವಾಗಿತ್ತು. ರೋಣ, ನರಗುಂದದ ಕಡೆಯ ಮಂದಿಯನ್ನು ಪಂಢರಪುರಕ್ಕೆ, ಶಿರಡಿಗೆ, ಧರ್ಮಸ್ಥಳಕ್ಕೆ ಕರೆದುಕೊಂಡು ಹೋಗುವುದು ನನ್ನ ಕೆಲಸ. ದೇವಸ್ಥಾನದ ಪ್ರವಾಸವಾದರೆ ಎಲ್ಲಿ ಚಹಾ, ಎಲ್ಲಿ ಊಟ, ಎಲ್ಲಿ ಸ್ನಾನ ಎಂಬುದೆಲ್ಲ ನನಗೆ ಬಾಯಿಪಾಠ.

ಒಂದು ದಿನ ಕಮಲವ್ವ ಆಫೀಸಿಗೆ ಬಂದರು. ಕೈಮಗ್ಗದಲ್ಲಿ ಸೀರೆ ನೇಯುವವರು, ವಯಸ್ಸು ಅರವತ್ತು ದಾಟಿತ್ತು. ಅವರ ಓಣಿಯ ಹನ್ನೊಂದು ಹೆಣ್ಣುಮಕ್ಕಳು ಮೂರು ದಿನ ಮಗ್ಗ ನಿಲ್ಲಿಸಿ ಎಲ್ಲಿಗಾದರೂ ಹೋಗಿಬರಲು ನಿಶ್ಚಯಿಸಿದ್ದರು. ನಾನು ಧರ್ಮಸ್ಥಳವೆಂದೆ. ಕಮಲವ್ವ ತಲೆ ಅಲ್ಲಾಡಿಸಿದರು.

"ಗುಡಿ ಭಾಳ ನೋಡೇವ್ರಿ. ಘಟ್ಟದಾಗ ಒಂದ ಕಾಡ ಐತಂತ. ಬಿಸಲ ನೆಲಕ್ಕ ಬೀಳೂದಿಲ್ಲಂತ. ಖರೇ ಏನ್ರಿ?"

ಖರೇ ಎಂದೆ. ಅವರು ಮೊಬೈಲಿನಲ್ಲಿ ತೋರಿಸಿದ್ದು ಘಟ್ಟದ ಒಂದು ರಾಷ್ಟ್ರೀಯ ಉದ್ಯಾನದ ವಿಡಿಯೋ. ಅಲ್ಲಿಯದು ನಿತ್ಯಹರಿದ್ವರ್ಣ ಕಾಡು, ಅಂದರೆ ವರ್ಷದ ಯಾವ ತಿಂಗಳಲ್ಲೂ ಬೋಳಾಗದ ಮಳೆಕಾಡು. ನಾನು ಅದನ್ನು ಕಂಡವನೇ ಅಲ್ಲ. ಆದರೂ "ನನಗ ಬಿಡ್ರಿ, ಎಲ್ಲಾ ವ್ಯವಸ್ಥಾ ಮಾಡತೇನಿ" ಎಂದೆ.

"ಎಷ್ಟ ನಡೀಬೇಕಾಕ್ಕೈತ್ರಿ? ದಿನಾ ಕುಣಿಯೊಳಗ ಕಾಲ ಇಟ್ಕೊಂಡ ಕುಂದ್ರವ್ರು ನಾವು. ಮೊಣಕಾಲ ಮೊದಲಿನಂಗಿಲ್ಲ."

ಅವರ ಮಗ್ಗ ನೆಲದ ಕುಣಿಯ ಮೇಲೆ ಇರುತ್ತದೆ. ಕುಣಿಯೊಳಗೆ ಕಾಲು ಇಳಿಬಿಟ್ಟು ದಿನವಿಡೀ ಮಗ್ಗದ ಹಲಗೆ ತುಳಿಯುತ್ತಾರೆ. ಅದನ್ನು ಬಲ್ಲ ನಾನೇ, "ಐದ ಮಿನಿಟಿನ ದಾರಿ ರೀ" ಎಂದೆ.

ಉದ್ಯಾನದ ಒಳಗೆ ಹೋಗಲು ಮೊದಲೇ ಪರವಾನಗಿ ಬೇಕು, ಜೊತೆಗೆ ಒಬ್ಬ ವಾಚರ್ ಇರಲೇಬೇಕು. ವಾಚರ್ ಎಂದರೆ ಕಾಡು ಕಾಯುವ, ಬಂದವರಿಗೆ ದಾರಿ ತೋರಿಸುವ ದಿನಗೂಲಿ ನೌಕರ. ನಮಗೆ ಗೊತ್ತುಮಾಡಿದ ವಾಚರ್ ಹೆಸರು ಗಣಪ. ಹೊರಡುವ ಒಂದು ವಾರ ಮೊದಲು ಅವನೇ ಫೋನ್ ಮಾಡಿದ.

"ಸರ್, ವಯಸ್ಸಾದವರು, ಮಂಡಿನೋವಿನವರು ಯಾರಾದರೂ ಇದ್ದಾರಾ? ಇದ್ದರೆ ಈಗಲೇ ಹೇಳಿ. ಅವರಿಗೆ ಜೀಪಿನ ದಾರಿ ಇದೆ, ಅದಕ್ಕೆ ಬೇರೆ ಅರ್ಜಿ ಹಾಕಬೇಕು."

ಇನ್ನೊಂದು ಅರ್ಜಿ, ಇನ್ನೊಮ್ಮೆ ಎಲ್ಲರ ಆಧಾರ್ ಪ್ರತಿ ಎಂದು ನನಗೆ ಬೇಸರವಾಯಿತು. "ಯಾರೂ ಇಲ್ಲ. ಎಲ್ಲಾರೂ ಗಟ್ಟಿ ಅದಾರ" ಎಂದುಬಿಟ್ಟೆ.

ನಡಿಗೆಯ ದಾರಿ ಮೂರು ಕಿಲೋಮೀಟರ್, ಬಹಳಷ್ಟು ಏರು. ಒದ್ದೆ ಬೇರು, ಜಾರುವ ಕಲ್ಲು, ಕಾಲಿಗೆ ಹತ್ತಿ ರಕ್ತ ಹೀರುವ ಇಂಬಳ. ಅರ್ಧ ದಾರಿಯಲ್ಲಿ ಕಮಲವ್ವ ಒಂದು ಬೇರಿನ ಮೇಲೆ ಕುಸಿದು ಕುಳಿತರು. ಮೊಣಕಾಲು ಊದಿಕೊಂಡಿತ್ತು. ಯಾವ ಕಾಡನ್ನು ನೋಡಲು ಬಂದಿದ್ದರೋ ಆ ಕಾಡಿನ ನಡುವೆ ಕುಳಿತು ಅವರು ಒಮ್ಮೆಯೂ ತಲೆ ಎತ್ತಿ ನೋಡಲಿಲ್ಲ. ಎರಡೂ ಕೈಯಲ್ಲಿ ಮೊಣಕಾಲು ಹಿಡಿದುಕೊಂಡು ಹಲ್ಲು ಕಚ್ಚಿದ್ದರು. ಅವರನ್ನು ಬಿಟ್ಟು ಮುಂದೆ ಹೋಗಲು ಉಳಿದ ಹತ್ತು ಮಂದಿಯೂ ಒಪ್ಪಲಿಲ್ಲ.

ಅವರಲ್ಲಿ ಸಾವಕ್ಕ ಎಂಬವರು ಸಿಟ್ಟಿನಿಂದ ಕೇಳಿದರು, "ಐದ ಮಿನಿಟ ಅಂದಿದ್ರೆಲ್ಲರೀ ಅಣ್ಣಾರ?"

ಉಳಿದವರ ಮುಖಗಳೂ ನನ್ನ ಕಡೆ ತಿರುಗಿದ್ದವು. ನಾನು ಗಣಪನ ಕಡೆ ತಿರುಗಿದೆ. "ಏನ್ರೀ, ದಾರಿ ಹಿಂಗ ಐತಿ ಅಂತ ಫೋನಿನ್ಯಾಗ ಮೊದಲ ಹೇಳಬಾರದಿತ್ತೇನ್ರಿ?"

ಗಣಪ ನನ್ನನ್ನೇ ನೋಡಿದ. ಒಂದು ಮಾತಿನಲ್ಲಿ ನನ್ನ ಮಾನ ಕಳೆಯಬಹುದಿತ್ತು. ಅವನು ಕಮಲವ್ವನ ಕಡೆ ತಿರುಗಿ, "ತಪ್ಪಾಯ್ತಮ್ಮ" ಎಂದ. ಹೆಂಗಸರು ಅವನ ಮೇಲೆ ಹರಿಹಾಯ್ದರು. ಅವನು ತಲೆ ಬಗ್ಗಿಸಿಕೊಂಡೇ ಇನ್ನೊಬ್ಬ ವಾಚರನನ್ನು ಕರೆಸಿ, ಎರಡು ಬಿದಿರ ಗಳಕ್ಕೆ ಕಂಬಳಿ ಕಟ್ಟಿ, ಕಮಲವ್ವನನ್ನು ಅದರಲ್ಲಿ ಕೂರಿಸಿಕೊಂಡು ಕೆಳಗಿಳಿಸಿದ. ನಾನು ಹಿಂದೆ ಹಿಂದೆ ಅವರ ಚಪ್ಪಲಿ ಹಿಡಿದುಕೊಂಡು ಬಂದೆ.

ಮರಳುವಾಗ ನರಗುಂದದಲ್ಲಿ ಚಹಾಕ್ಕೆ ನಿಲ್ಲಿಸಿದಾಗಲೂ ಗಣಪನ ಮೇಲಿನ ಸಿಟ್ಟು ಇಳಿದಿರಲಿಲ್ಲ. ನಾಲ್ಕು ದಿನದ ಮೇಲೆ ಸಾವಕ್ಕ ಒಂದು ಹಾಳೆ ತಂದು ನನ್ನ ಮೇಜಿನ ಮೇಲಿಟ್ಟರು. ಆ ವಾಚರನನ್ನು ಕೆಲಸದಿಂದ ತೆಗೆಯಬೇಕೆಂದು ಬರೆದ ದೂರು. ಕೆಳಗೆ ಹನ್ನೊಂದು ಮಂದಿಯ ಸಹಿ.

"ಅಲ್ಲಿ ಆಫೀಸಿನ ಪತ್ತಾ ನಿಮಗ ಗೊತ್ತೈತಿ. ಲಗೂನ ಕಳಸ್ರಿ."

ನಾನು ಹೂಂ ಎಂದು ಡ್ರಾವರಿನಲ್ಲಿಟ್ಟೆ. ಆಗಲೂ ಬಾಯಿ ಬಿಡಲಿಲ್ಲ. ಕಳಿಸದೆ ಇದ್ದರೆ ಅವರು ಮರೆತಾರು ಎಂದು ಲೆಕ್ಕ ಹಾಕಿದ್ದೆ. ಎರಡು ದಿನ ಬಿಟ್ಟು ಕಮಲವ್ವನೇ ಫೋನ್ ಮಾಡಿ ಕಳಿಸಿದಿರಾ ಎಂದು ಕೇಳಿದಾಗ ನನ್ನ ಬಾಯಿಂದ ಇನ್ನೊಂದು ಸುಳ್ಳು ಹೊರಡಲಿಲ್ಲ. ಹಾಳೆ ತೆಗೆದುಕೊಂಡು ಅವರ ಮನೆಗೆ ಹೋದೆ. ನಿಂತುಕೊಂಡೇ ಎಲ್ಲ ಹೇಳಿದೆ.

ಕಮಲವ್ವ ಹಾಳೆ ಈಸಿಕೊಂಡರು. "ಇದರಾಗ ಹನ್ನೊಂದ ಮಂದಿ ಸಹಿ ಐತಿ. ನನಗೊಬ್ಬಾಕಿಗೆ ಹೇಳಿದ್ರ ಹ್ಯಾಂಗ? ಎಲ್ಲಾರ ಮುಂದ ಹೇಳ್ರಿ."

ಓಣಿಯ ಹೆಣ್ಣುಮಕ್ಕಳೆಲ್ಲ ಬಂದರು. ನನಗಿಂತ ಹಿರಿಯರು, ನನ್ನ ಹೆಂಡತಿಯ ಗೆಳತಿಯರು, ನನ್ನ ಮಗಳ ಮದುವೆಗೆ ಸೀರೆ ನೇಯ್ದುಕೊಟ್ಟವರು. ಅವರ ಮುಂದೆ ಫೋನಿನ ಮಾತನ್ನು, ಕಾಡಿನಲ್ಲಿ ಆಡಿದ ಮಾತನ್ನು ಮತ್ತೆ ಹೇಳಿದೆ.

"ಅಂವ ಯಾಕ ಬಾಯಿ ಬಿಡಲಿಲ್ಲರೀ?" ಎಂದು ಸಾವಕ್ಕ ಕೇಳಿದರು.

ನನಗೆ ಉತ್ತರ ಗೊತ್ತಿತ್ತು. ಬಂದವರ ಜೊತೆ ಜಗಳಾಡಿದ ಎಂಬ ಒಂದು ಮಾತು ಸಾಕು, ದಿನಗೂಲಿಯವನ ಕೆಲಸ ಹೋಗುತ್ತದೆ. ಅದು ಗೊತ್ತಿದ್ದೇ ನಾನು ಅವನ ಕಡೆ ತಿರುಗಿದ್ದೆ.

ಕಮಲವ್ವ ಹಾಳೆಯನ್ನು ಹರಿದು, ಗಣಪನಿಗೆ ಫೋನ್ ಹಚ್ಚಿಕೊಡಲು ಹೇಳಿದರು. ಸ್ಪೀಕರ್ ಹಾಕಿದೆ. ಮೊದಲು ನಾನು ಕ್ಷಮೆ ಕೇಳಿದೆ. ಆಮೇಲೆ ಅವರು, "ತಮ್ಮಾ, ನಿನಗ ಸುಮ್ಮಸುಮ್ಮನ ಬೈದಿವಿ. ಮನಸ್ಸಿಗೆ ಹಚ್ಕೋಬ್ಯಾಡಪಾ" ಎಂದರು.

"ಇರಲಿ ಅಮ್ಮ," ಎಂದ ಗಣಪ. "ಮಂಡಿ ಈಗ ಹೇಗಿದೆ?"

ಆ ಆರು ದಿನಗಳಲ್ಲಿ ನಾನು ಒಮ್ಮೆಯೂ ಕೇಳದ ಪ್ರಶ್ನೆ ಅದು.

ಈಗ ಹೊಸ ಜಾಗಕ್ಕೆ ಜನರನ್ನು ಒಯ್ಯುವ ಮೊದಲು ನಾನೇ ಹೋಗಿ ಆ ದಾರಿ ನಡೆದು ನೋಡುತ್ತೇನೆ. ನನಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುತ್ತೇನೆ. ಪ್ರವಾಸದ ತಯಾರಿಯಲ್ಲಿ ಗಾಡಿ, ಊಟ, ಪರವಾನಗಿಗಿಂತ ಮೊದಲು ಬರುವುದು ಇದೇ ಎಂದು ಕಲಿಯಲು ನನಗೆ ಹದಿನೆಂಟು ವರ್ಷ ಬೇಕಾಯಿತು. ಮರುವರ್ಷ ಆ ಹನ್ನೊಂದು ಮಂದಿ ಮತ್ತೆ ಅದೇ ಕಾಡಿಗೆ ಜೀಪಿನ ದಾರಿಯಲ್ಲಿ ಹೋಗಿಬಂದರು. ವ್ಯವಸ್ಥೆಯನ್ನೆಲ್ಲ ಫೋನಿನಲ್ಲಿ ಗಣಪನ ಜೊತೆ ಮಾತಾಡಿ ತಾವೇ ಮಾಡಿಕೊಂಡರಂತೆ. ನನ್ನನ್ನು ಏನೂ ಕೇಳಲಿಲ್ಲ.