ಅರ್ಧ ತೋಳಿನ ಅಂಗಿ

ನನ್ನ ಮಗನ ಕಂಕುಳಲ್ಲಿ, ಮೊಣಕೈ ಮಡಿಕೆಯಲ್ಲಿ ಬೆವರುಸಾಲೆ ಎದ್ದು ಇಂದಿಗೆ ಐದು ದಿನ. ಬೆವರುಸಾಲೆಯೇ ಹೌದೋ ಬೇರೇನಾದರೂ ಇದ್ದೀತೋ ಎಂದು ಮೊಬೈಲಿನಲ್ಲಿ ಹುಡುಕಿ ಹುಡುಕಿ, ಹೆಸರೇ ಕೇಳಿರದ ನಾಲ್ಕು ಕಾಯಿಲೆಗಳನ್ನು ಅವನಿಗೆ ಅಂಟಿಸಿ ನೋಡಿದ್ದೆ. "ಚಿಂತೆ ಮಾಡೋಕೆ ಏನೂ ಸಿಗದಿದ್ರೆ, ಯಾಕೆ ಸಿಗ್ಲಿಲ್ಲ ಅಂತ ಚಿಂತೆ ಮಾಡೋಳು ನೀನು" ಎಂದು ನಮ್ಮವರು ನಕ್ಕು ಕೆಲಸಕ್ಕೆ ಹೋದರು. ಕಾರಣ ಮಾತ್ರ ನನ್ನ ಕಣ್ಣೆದುರೇ ಹಗ್ಗದ ಮೇಲೆ ಒಣಗುತ್ತಿತ್ತು. ಮೂರು ವರ್ಷದ ಮಗುವಿಗೆ, ಇಂಥ ಬೇಸಿಗೆಯಲ್ಲಿ, ಮಣಿಕಟ್ಟಿನವರೆಗೆ ತೋಳಿರುವ ಏಳು ಅಂಗಿಗಳು. ಏಳನ್ನೂ ಹೊಲಿದವಳು ನನ್ನ ತಂಗಿ. ಬೇರೆ ಅಂಗಿ ತೊಡಿಸಿದರೆ ಅವನು ಕಿತ್ತೆಸೆಯುತ್ತಾನೆ. ಚಿಕ್ಕಿ ಎಂದರೆ ಅವನ ಪಾಲಿಗೆ ಅಂಗಿಯೇ, ಮನುಷ್ಯಳಲ್ಲ. ಅವಳು ಅವನನ್ನು ಮುಟ್ಟಿ ಎರಡು ವರ್ಷವಾಯಿತು.

ಮನೆಯಲ್ಲಿ ಅವಳಿಗೆ ವಟವಟಿ ಎಂದೇ ಹೆಸರಿತ್ತು. ಹೊಸಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ಶಾಲೆಯ ಅರ್ಧ ಸುದ್ದಿ ಮುಗಿದಿರುತ್ತಿತ್ತು. ನನಗಿಂತ ಹನ್ನೆರಡು ವರ್ಷ ಚಿಕ್ಕವಳು. ನನ್ನ ಮಗ ಹುಟ್ಟಿದಾಗ ಅವನು ತನ್ನದೇ ಗೊಂಬೆ ಎಂಬಂತೆ ಸೊಂಟದಿಂದ ಇಳಿಸುತ್ತಿರಲಿಲ್ಲ. ಅವಳಿಗೆ ಹದಿನಾಲ್ಕು ನಡೆಯುತ್ತಿದ್ದಾಗ ಒಂದು ಭಾನುವಾರ ಮಗುವನ್ನು ಅವಳ ಕೈಗೆ ಕೊಟ್ಟು ನಾನು ಸ್ನಾನಕ್ಕೆ ಹೋದೆ. ಯಾರೋ ಬೆಲ್ ಮಾಡಿದರು. ಅವಳು ಅವನನ್ನು ಕೆಳಗಿಳಿಸಿ ಬಾಗಿಲು ತೆರೆದು ಬರುವಷ್ಟರಲ್ಲಿ, ಆಗಷ್ಟೇ ಎದ್ದು ನಿಲ್ಲಲು ಕಲಿತಿದ್ದ ಮಗು ಮೇಜಿನ ಬಟ್ಟೆ ಎಳೆದಿತ್ತು. ಬಿಸಿ ಕಾಫಿ ಲೋಟ ಅವನ ಎಡದೋಳಿನ ಮೇಲೆ ಬಿತ್ತು.

ನಾನು ಒದ್ದೆ ಕೂದಲಲ್ಲಿ ಓಡಿ ಬಂದಾಗ ಅವಳು ಅವನನ್ನು ನಲ್ಲಿಯ ಕೆಳಗೆ ಹಿಡಿದು ನಿಂತಿದ್ದಳು. ಹಾಗೆ ಮಾಡಿದ್ದೇ ಒಳ್ಳೆಯದಾಯಿತು, ಇಲ್ಲದಿದ್ದರೆ ಗಾಯ ಆಳವಾಗುತ್ತಿತ್ತು ಎಂದು ಡಾಕ್ಟರು ಹೇಳಿದರು. ಅದೇ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನಾನು ಅವಳಿಗೆ ಹೇಳಿದ್ದು ಬೇರೆ: "ನಿನ್ನ ಕೈಗೆ ಕೊಟ್ಟಿದ್ದೇ ತಪ್ಪು."

ಮಗನ ತೋಳಲ್ಲಿ ಈಗ ಹೆಬ್ಬೆರಳಗಲದ ಕಲೆಯೊಂದಿದೆ, ಅಷ್ಟೇ. ನನ್ನ ತಂಗಿ ಮಾತ್ರ ಆ ವರ್ಷ ಶಾಲೆಗೆ ಹೋಗಲಿಲ್ಲ. ಒಲೆ ಉರಿಯುತ್ತಿದ್ದರೆ ಅಡುಗೆಮನೆಗೆ ಕಾಲಿಡುತ್ತಿರಲಿಲ್ಲ, ಅನ್ನವನ್ನೂ ಆರಿಸಿಕೊಂಡೇ ಉಣ್ಣುತ್ತಿದ್ದಳು. ಬೆಲ್ ಆದರೆ ಕೂತಲ್ಲೇ ಬಿಗಿಯಾಗುತ್ತಿದ್ದಳು. ಅಮ್ಮ ದಿಕ್ಕು ತೋಚದೆ ಅವಳನ್ನು ಬೀದಿಯ ಕೊನೆಯ ಟೇಲರಮ್ಮನ ಅಂಗಡಿಯಲ್ಲಿ ಕೂರಿಸಿ ಬಂದಳು. ದಾರ ಕೀಳುವುದು, ಗುಂಡಿ ಹಚ್ಚುವುದು, ಅಲ್ಲಿಂದ ಶುರು. ಮರುವರ್ಷ ಶಾಲೆಗೂ ಹೋದಳು. ಹಬೆಯಾಡುವ ತಟ್ಟೆಯ ಮುಂದೆ ಕೂರಲು ಇನ್ನೊಂದು ಆರು ತಿಂಗಳು ಬೇಕಾಯಿತು. ಇಷ್ಟೆಲ್ಲ ನನಗೆ ಅಮ್ಮನ ಬಾಯಿಂದಲೇ ಗೊತ್ತು. ನಾನು ಹೋದರೆ ಅವಳಿಗೆ ತಕ್ಷಣ ಏನಾದರೂ ಹೊರಗಿನ ಕೆಲಸ ನೆನಪಾಗುತ್ತಿತ್ತು.

ಮೊನ್ನೆ ಅವಳು ಶಾಲೆಯಲ್ಲಿರುವ ಹೊತ್ತು ನೋಡಿಕೊಂಡು, ಏಳೂ ಅಂಗಿಗಳನ್ನು ಚೀಲದಲ್ಲಿ ತುಂಬಿ ಟೇಲರಮ್ಮನ ಮುಂದೆ ಸುರಿದೆ. ತೋಳು ಕತ್ತರಿಸಿ ಅರ್ಧ ಮಾಡಿಕೊಡಿ, ತಂಗಿಗೆ ಹೇಳಬೇಡಿ ಎಂದೆ. ಆಕೆ ಕನ್ನಡಕ ಮೂಗಿನ ತುದಿಗೆ ಜಾರಿಸಿ ನನ್ನನ್ನು ನೋಡಿದರು.

"ಎರಡು ನಿಮಿಷದ ಕೆಲಸ ಕಣಮ್ಮ. ಆದ್ರೆ ನಾ ಕತ್ತರಿ ಮುಟ್ಟಲ್ಲ. ಇಷ್ಟುದ್ದ ತೋಳು ಯಾಕಿಟ್ಟಿದಾಳೆ ಅಂತ ಗೊತ್ತಲ್ಲ ನಿಂಗೆ?"

ಆ ಕ್ಷಣದವರೆಗೂ ಗೊತ್ತಿರಲಿಲ್ಲ. ಕಲೆ ಕಾಣದಿರಲಿ ಎಂದು.

ಅಳತೆಗೆ ಮಗುವನ್ನು ಕರೆದುಕೊಂಡು ಬಾ ಎಂದರೆ ಪ್ರತಿ ಸಲವೂ ಅಮ್ಮನ ಕಡೆಯಿಂದ ತರಿಸಿದ ಹಳೆಯ ಅಂಗಿಯನ್ನೇ ತಂದು ಹರಡುತ್ತಾಳಂತೆ. ಅದಕ್ಕೇ ಕಂಕುಳು ಯಾವಾಗಲೂ ಬಿಗಿ. ಇಸ್ತ್ರಿಪೆಟ್ಟಿಗೆಯ ಕತೆಯನ್ನೂ ಟೇಲರಮ್ಮನೇ ಹೇಳಿದರು. ಹೊಲಿಗೆ ಮಟ್ಟಸವಾಗಿ ಕೂರಬೇಕಾದರೆ ಇಸ್ತ್ರಿ ಹಾಕಲೇಬೇಕು. ಇವಳೋ ಬಿಸಿ ಪೆಟ್ಟಿಗೆ ಕಂಡರೆ ಮೂಲೆ ಸೇರುತ್ತಿದ್ದಳು. ಸರಿ, ತಣ್ಣಗಿರೋದನ್ನೇ ಹಾಕು ಎಂದು ಆಕೆ ಬಿಟ್ಟುಬಿಟ್ಟರಂತೆ. ಎರಡು ತಿಂಗಳು ಪ್ಲಗ್ ಹಾಕದ ಇಸ್ತ್ರಿಯನ್ನು ಬಟ್ಟೆಯ ಮೇಲೆ ಶ್ರದ್ಧೆಯಿಂದ ಆಡಿಸಿದಳು. ಗಿರಾಕಿಗಳು ನಕ್ಕರೆ, ನಮ್ಮ ಹುಡುಗಿ ಕರೆಂಟು ಉಳಿಸ್ತಿದಾಳೆ ಎಂದು ಟೇಲರಮ್ಮ ಬಾಯಿ ಮುಚ್ಚಿಸುತ್ತಿದ್ದರು. ಒಂದು ಮಧ್ಯಾಹ್ನ ಯಾರೂ ಹೇಳದೆ ಅವಳೇ ಸ್ವಿಚ್ ಒತ್ತಿದಳು.

"ಅವತ್ತೇ ಒಂದು ಕಾಲರ್ ಮುಗಿಸಿದ್ಳು" ಎಂದರು. ಅಂಗಿಗಳನ್ನು ಒಂದೊಂದಾಗಿ ಮಡಚುತ್ತಾ ಮತ್ತೆ ಅಂದರು: "ಅವಳ ಕೈಗೆ ಕೊಟ್ಟಿದ್ದೇ ತಪ್ಪು ಅಂತ ಯಾರೋ ಅಂದ್ರಂತೆ. ಯಾರು ಅಂತ ಎಷ್ಟು ಕೇಳಿದ್ರೂ ಬಾಯಿ ಬಿಟ್ಟಿಲ್ಲ ಹುಡುಗಿ."

ಚೀಲ ಎತ್ತಿಕೊಂಡು ಮನೆಗೆ ಬಂದೆ. ಎರಡು ದಿನ ಫೋನು ಕೈಗೆತ್ತಿಕೊಳ್ಳುವುದು, ಇಡುವುದು. ಹಳೆಯದನ್ನು ಕೆದಕಿದರೆ ಅವಳಿಗೆ ಮತ್ತೆ ಏನಾದರೂ ಆದರೆ? ಸುಮ್ಮನಿದ್ದರೆ? ಅವಳ ಹೆದರಿಕೆಯ ನೆಪದಲ್ಲಿ ನನ್ನದನ್ನು ಮುಚ್ಚಿಟ್ಟುಕೊಂಡಿದ್ದೆ. ಆ ಲೋಟದ ವಿಷಯ ನಾನು ಯಾರ ಹತ್ತಿರವೂ ಹೇಳಿರಲಿಲ್ಲ, ನಮ್ಮವರ ಹತ್ತಿರ ಕೂಡ.

ಇವತ್ತು ಸಂಜೆ, ಅವಳು ಅಂಗಡಿಯಲ್ಲಿರುವ ಹೊತ್ತಿಗೆ, ಮಗನನ್ನು ಬರಿಮೈಯಲ್ಲಿ ಆಡಲು ಬಿಟ್ಟು ಫೋನ್ ಮಾಡಿದೆ. ಆ ಕಡೆ ಹೊಲಿಗೆ ಯಂತ್ರ ಓಡುತ್ತಿತ್ತು.

"ಅಂಗಿ ಬಿಗಿ ಆಯ್ತಾ ಅಕ್ಕ?" ಅದೇ ಅವಳ ಮೊದಲ ಮಾತು.

"ಆ ಕಾಫಿ ಲೋಟ ಮೇಜಿನ ತುದಿಗಿಟ್ಟು ಸ್ನಾನಕ್ಕೆ ಹೋದೋಳು ನಾನು ಕಣೆ. ತಪ್ಪು ನಂದು. ಅವತ್ತು ನಿಂಗೆ ಹಾಗಂದಿದ್ದೂ ತಪ್ಪು."

ಯಂತ್ರದ ಸದ್ದು ನಿಂತಿತು. ನಾನು ಕಾಯಲಾರದೆ ಒಂದೇ ಉಸಿರಿಗೆ ಹೇಳಿದೆ, ನಾಳೆ ಟೇಪು ತಗೊಂಡು ಬಾ, ಅರ್ಧ ತೋಳಿನ ಅಂಗಿ ಬೇಕು, ಕಲೆ ಕಂಡರೆ ಕಾಣಲಿ, ಅಳತೆ ಮಾತ್ರ ಇವನ ಮೈಮೇಲೆಯೇ ಆಗಬೇಕು.

ಆ ಕಡೆ ಮೂಗು ಒರೆಸಿಕೊಂಡ ಸದ್ದು.

"ಅಳತೆ ತಗೊಳ್ಳೋವರ್ಗೂ ಒಂದ್ಕಡೆ ನಿಲ್ತಾನಾ ಅವ್ನು?"

"ಎಲ್ಲಿ ನಿಲ್ತಾನೆ" ಎಂದೆ. "ನೀನೇ ಹಿಡ್ಕೋಬೇಕು."