ಕೆಂಟುಕಿ ಬಂದೂಕು, ಗುಡೇಕೋಟೆ ಕಂಬಳಿ

“ತಪ್ಪು! ಕೂತ್ಕೊಳ್ರಿ” ಎಂದರು ಕ್ವಿಜ್ ನಡೆಸುತ್ತಿದ್ದ ಮೇಷ್ಟ್ರು. ಹರಪನಹಳ್ಳಿಯ ಕಾಲೇಜಿನಲ್ಲಿ ಎಂಬತ್ತರ ದಶಕದಲ್ಲಿ ನಡೆದದ್ದು. ನಳಿಗೆಯೊಳಗೆ ಸುರುಳಿಗೆರೆ ಕೊರೆದ, ಅಮೆರಿಕದ ಹಳೆಯ ಕೆಂಟುಕಿ ರೈಫಲ್ ಮೊದಲು ಮಾಡಿದವರು ಯಾರು ಎಂಬುದು ಪ್ರಶ್ನೆ. ನನ್ನ ತಂಡದ ಜೊತೆಗಾತಿ ಗಂಗಮ್ಮ, ಪೆನ್ಸಿಲ್ವೇನಿಯಾಕ್ಕೆ ವಲಸೆ ಬಂದ ಜರ್ಮನ್ನರು ಎಂದಿದ್ದಳು. ಮೇಷ್ಟ್ರ ಪ್ರಕಾರ, ಹೆಸರೇ ಹೇಳುವಂತೆ, ಕೆಂಟುಕಿಯವರೇ. ನಾನು ಸೆರಗು ಜಗ್ಗಿದರೂ ಅವಳು ಕೂರಲಿಲ್ಲ.

“ಸಾರ್, ನಮ್ಮಪ್ಪ ಗುಡೇಕೋಟ್ಯಾಗ ನೇದ ಕಂಬಳಿನ ಇಲ್ಲಿ ಸಂತ್ಯಾಗ ಹರಪನಹಳ್ಳಿ ಕಂಬಳಿ ಅಂತಾರ. ಹಂಗಂದ್ರ ಅದನ್ನ ಇಲ್ಲಿಯವ್ರು ನೇದಂಗಾತೇನ್ರಿ?”

ಸಭೆ ಗೊಳ್ಳೆಂದಿತು. ಅಂಕ ಸಿಗಲಿಲ್ಲ, ನಾವು ಸೋತೆವು. ಆದರೆ ಉಳಿದ ಪ್ರಶ್ನೆಗಳಿಗೆಲ್ಲ ಅವಳು ಕೂರದೆ ನಿಂತೇ ಉತ್ತರಿಸಿದಳು.

ನನ್ನ ಹೆಗಲ ಕಂಬಳಿ ನೋಡಿ ಯಾವೂರಿನದೆಂದು ಯಾರಾದರೂ ಕೇಳಿದರೆ, ಕೊಂಡ ಊರಿನ ಹೆಸರನ್ನು ನಾನು ಇಂದಿಗೂ ಹೇಳುವುದಿಲ್ಲ.